ಭಟ್ಟಿಗೊಡ್ಡಿದ ತೋಳು

ಗಂಡನ ಷರ್ಟಿನ ತೋಳು ಮೊಣಕೈ ದಾಟಿ ಮೇಲೇರಲು ಒಪ್ಪಲೇ ಇಲ್ಲ. ಒಂದು ಮಡಿಕೆ ಆಯಿತು, ಎರಡನೆಯದೂ ಆಯಿತು, ಮೂರನೆಯದಕ್ಕೆ ಬಟ್ಟೆ ಬಿಗಿದು ನಿಂತುಬಿಟ್ಟಿತು. ಲಾರಿ ಓಡಿಸುವ ಗಂಡಸಿನ ಷರ್ಟು ಹೆಂಡತಿಯ ತೋಳಿಗೆ ಸಾಲದು ಎಂಬುದು ಇಷ್ಟು ವರ್ಷ ಆ ಮನೆಯ ತಮಾಷೆಯಾಗಿತ್ತು. ಊಟಕ್ಕೆ ಕೂತಾಗ ಅವನೇ ಎಷ್ಟೋ ಸಲ ಅವಳ ತೋಳಿನ ಪಕ್ಕ ತನ್ನ ತೋಳಿಟ್ಟು, ‘ನೋಡೇ ಗುಬ್ಬಿ, ನಿಮ್ಮಮ್ಮ ಸ್ಟೇರಿಂಗ್ ಹಿಡಿದ್ರೆ ಲಾರಿ ಹೆದರ್ಕೊಂಡು ತಾನೇ ಓಡುತ್ತೆ’ ಎಂದು ಮಗಳನ್ನು ನಗಿಸಿದ್ದ. ಅವಳೂ ನಕ್ಕಿದ್ದಳು. ಈಗ ಅದೇ ಷರ್ಟಿನೊಳಗೆ, ಈ ಬಿರುಬೇಸಿಗೆಯಲ್ಲಿ, ಬೇಕರಿಯ ಉರಿಯುವ ಭಟ್ಟಿಯ ಬಾಯಿಯ ಮುಂದೆ ನಿಂತು, ಬೆವರು ಬೆನ್ನಿನಿಂದ ಇಳಿದು ಸೊಂಟದ ಹತ್ತಿರ ಬಟ್ಟೆಗೆ ಅಂಟುವುದನ್ನು ಸಹಿಸಿಕೊಳ್ಳುತ್ತ, ಆ ತಮಾಷೆಯಲ್ಲಿ ನಗುವಂಥದ್ದು ಏನಿತ್ತು ಎಂದು ಯೋಚಿಸುತ್ತಿದ್ದಳು. ಮುಂದಿನ ಅಂಗಡಿಯಿಂದ ತಮ್ಮ ತಲೆ ಒಳಹಾಕಿದ. ‘ಅಕ್ಕ, ಆ ಷರ್ಟು ಯಾಕೆ ಅಂತೀನಿ. ನಿನ್ನ ನೋಡಿದ್ರೆ ನಂಗೇ ಸೆಕೆ ಆಗುತ್ತೆ.’ ಕಿಡಿ ಹಾರುತ್ತದೆ ಎಂದಳು. ‘ಇಷ್ಟು ವರ್ಷ ಹಾರದ ಕಿಡಿ ಈಗ ಹಾರುತ್ತಾ?’ ಎಂದು ಅವನು ಕೇಳಿದ್ದಕ್ಕೆ ಅವಳು ಉದ್ದ ಕೋಲಿನಿಂದ ಕೆಂಡವನ್ನು ಭಟ್ಟಿಯ ಮೂಲೆಗೆ ತಳ್ಳತೊಡಗಿದಳು. ಉತ್ತರ ಕೊಟ್ಟರೆ ಭಾನುವಾರದಿಂದ ಶುರು ಮಾಡಬೇಕಾಗುತ್ತಿತ್ತು.

ಬೀದಿಯವರೆಲ್ಲ ಅವಳನ್ನು ಪೈಲ್ವಾನಕ್ಕ ಎನ್ನುತ್ತಿದ್ದರು. ಹೆಸರಿಟ್ಟವನು ಈ ತಮ್ಮನೇ. ಚಿಕ್ಕವನಿದ್ದಾಗ ಮೈದಾ ಮೂಟೆಯ ಒಂದು ಮೂಲೆಯನ್ನೂ ಅಲುಗಾಡಿಸಲಾಗದೆ ಅಳುತ್ತ ನಿಂತಿದ್ದ. ಅವಳು ಬಂದು ಅದನ್ನು ಹೆಗಲಿಗೇರಿಸಿಕೊಂಡು ಹೋದದ್ದನ್ನು ಕಂಡು, ಅಳು ನಿಲ್ಲಿಸಿ ‘ಪೈಲ್ವಾನ್’ ಎಂದು ಕೂಗಿದ್ದ. ಅಪ್ಪ ಅದನ್ನು ಕೇಳಿ ಹಿಗ್ಗಿದ್ದರು. ಅವಳಿಗೂ ಅದು ಬಿರುದಿನಂತೆ ಇತ್ತು. ಯಾರಾದರೂ ಕರೆದರೆ ಕತ್ತು ಸ್ವಲ್ಪ ಎತ್ತರಿಸಿಯೇ ‘ಏನು?’ ಎನ್ನುತ್ತಿದ್ದಳು. ಭಾನುವಾರದಿಂದೀಚೆಗೆ ಅದೇ ಹೆಸರು ಬೇರೆ ಥರ ಕೇಳಿಸುತ್ತಿದೆ. ರಸ್ಕ್ ಒಯ್ಯಲು ಬಂದ ಔಷಧಿ ಅಂಗಡಿಯವನು ‘ಪೈಲ್ವಾನಕ್ಕ ಇಲ್ವಾ?’ ಎಂದದ್ದಕ್ಕೆ ಒಳಗೆ ನಿಂತವಳ ಮೈ ಉರಿದುಹೋಯಿತು. ಅವನು ಏನೂ ತಪ್ಪಾಡಿರಲಿಲ್ಲ. ತಮ್ಮನ ಮದುವೆಯ ಫೋಟೋದಲ್ಲಿ ಫೋಟೋಗ್ರಾಫರ್ ತನ್ನನ್ನು ‘ಮೇಡಂ, ನೀವು ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ’ ಎಂದು ಕೊನೆಯ ಸಾಲಿಗೆ ಸರಿಸಿದ್ದು ಈಗ ನೆನಪಾಗಬೇಕೆ? ಆಗ ತಾನು ಎತ್ತರ ಇದ್ದೇನೆ, ಅದಕ್ಕೆ ಎಂದುಕೊಂಡಿದ್ದಳು. ಎತ್ತರ ಇದ್ದ ಚಿಕ್ಕಪ್ಪ ಮುಂದಿನ ಸಾಲಿನಲ್ಲೇ ನಿಂತಿದ್ದರಲ್ಲ ಎಂಬುದು ಇಷ್ಟು ವರ್ಷಗಳ ಮೇಲೆ, ಕೆಂಡ ತಳ್ಳುವಾಗ ಹೊಳೆಯಿತು.

ಭಾನುವಾರ ಬಟ್ಟೆ ಅಂಗಡಿಗೆ ಹೋಗಿದ್ದು ತನಗಾಗಿ ಅಲ್ಲ, ಮಗಳಿಗಾಗಿ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅವಳಿಗೆ ಗುಬ್ಬಿ ಎಂದು ಹೆಸರಾಗಿತ್ತು. ಈಗ ಕಾಲೇಜಿಗೆ ಬಂದ ಮೇಲೆ ಆ ಹೆಸರನ್ನು ಹೊರಗಿನವರ ಮುಂದೆ ಕೂಗಿದರೆ ಸಿಡಿಮಿಡಿಗೊಳ್ಳುತ್ತಾಳೆ, ಯಾಕೆಂದರೆ ಭುಜ, ತೋಳು, ಮಣಿಕಟ್ಟು ಎಲ್ಲ ತಾಯಿಯವೇ ಬಂದಿವೆ. ಕಾಲೇಜಿನ ಆಟದ ಮೇಷ್ಟ್ರು ಅವಳ ಕೈಗೊಂದು ಕಬ್ಬಿಣದ ಗುಂಡು ಕೊಟ್ಟು ಎಸೆಯಲು ಹೇಳಿದಾಗ, ಅದು ಗೆರೆ ದಾಟಿ, ನೋಡುತ್ತ ನಿಂತವರ ಕಾಲ ಬುಡಕ್ಕೆ ಬಿದ್ದಿತ್ತಂತೆ. ಮೇಷ್ಟ್ರು ಖುದ್ದಾಗಿ ಬೇಕರಿಗೆ ಬಂದು, ಬನ್ನು ತಿಂದು, ‘ನಿಮ್ಮ ಮಗಳನ್ನ ಬಿಟ್ಕೊಡಿ ಅಮ್ಮ, ಈ ಸಲ ಗುಂಡು ಎಸೆಯೋದ್ರಲ್ಲಿ ಮೊದಲ ಸ್ಥಾನ ನಮ್ಮದೇ’ ಎಂದು ಹೋಗಿದ್ದರು. ಗುಬ್ಬಿ ಒಪ್ಪಲಿಲ್ಲ. ತಂಡದವರೆಲ್ಲ ಹಾಕಬೇಕಾದ ಬನಿಯನ್ನಿಗೆ ತೋಳಿಲ್ಲ, ಅಷ್ಟೇ ಕಾರಣ. ಹೋದ ಬೇಸಿಗೆಯಿಂದ ಅವಳು ಮನೆಯೊಳಗೂ ಮಣಿಕಟ್ಟಿನವರೆಗೆ ಮುಚ್ಚುವ ಬಟ್ಟೆ ಬಿಟ್ಟು ಬೇರೆ ಹಾಕಿರಲಿಲ್ಲ. ಸೆಕೆ ಆಗಲ್ವೇನೇ ಎಂದರೆ ಇಲ್ಲ ಎನ್ನುತ್ತಾಳೆ. ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದು ಕೆಂಪಗಾಗಿರುತ್ತದೆ. ತೋಳಿಲ್ಲದ್ದೊಂದು ತಂದುಕೊಟ್ಟರೆ ಮನೆಯಲ್ಲಿ ಹಾಕಿ ಹಾಕಿ ರೂಢಿಯಾಗಬಹುದು, ಆಮೇಲೆ ಮೈದಾನಕ್ಕೂ ಇಳಿದಾಳು ಎಂದು ಹಟ ಹಿಡಿದು ಅವಳನ್ನು ಎಳೆದುಕೊಂಡು ಹೋದವಳು ತಾನೇ. ಅಂಗಡಿಯಲ್ಲಿ ಗುಬ್ಬಿ ಎಲ್ಲವನ್ನೂ ಮುಟ್ಟಿ ಮುಟ್ಟಿ ಬಿಟ್ಟಾಗ, ‘ಆಯ್ತು, ಮೊದಲು ನಾನೇ ಹಾಕ್ಕೊಂಡು ತೋರಿಸ್ತೀನಿ. ನಂಗಿಲ್ಲದ ನಾಚಿಕೆ ನಿಂಗ್ಯಾಕೆ?’ ಎಂದು, ಗಿಳಿಹಸಿರಿನದೊಂದನ್ನು ಎತ್ತಿಕೊಂಡು ಪರದೆಯ ಹಿಂದೆ ಹೋದಳು. ಆ ಜಂಬವೇ ಈಗ ಚುಚ್ಚುತ್ತಿರುವುದು.

ಪರದೆಯ ಹಿಂದೆ ಒಂದಾಳು ನಿಲ್ಲುವಷ್ಟು ಜಾಗ, ಮೂರು ಕಡೆ ಕನ್ನಡಿ. ಮನೆಯಲ್ಲಿರುವುದು ಮುಖ ಕಾಣುವಷ್ಟು ಕನ್ನಡಿ. ಹೀಗೆ ಹಿಂದಿನಿಂದ, ಪಕ್ಕದಿಂದ, ಬಿಳಿ ಟ್ಯೂಬ್‌ಲೈಟಿನ ಕೆಳಗೆ ತನ್ನನ್ನು ತಾನು ಅವಳು ನೋಡಿಕೊಂಡೇ ಇರಲಿಲ್ಲ. ಒಂದು ಕೈ ತೂರಿತು. ಎರಡನೆಯದು ಅರ್ಧಕ್ಕೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತಲೆ ಬಟ್ಟೆಯೊಳಗೆ, ಕೈ ಮೇಲಕ್ಕೆ, ಶರಣಾದವಳ ಹಾಗೆ. ಜಗ್ಗಿದಾಗ ಕಂಕುಳಲ್ಲಿ ಹೊಲಿಗೆ ಚರ್ ಎಂದಿತು. ಆ ಸದ್ದು ಅಂಗಡಿಗೆಲ್ಲ ಕೇಳಿಸಿರಬೇಕು, ಯಾಕೆಂದರೆ ಹೊರಗಿನಿಂದ ಕೆಲಸದ ಹುಡುಗಿ ‘ಆಂಟಿ, ಅದಕ್ಕಿಂತ ದೊಡ್ಡ ಸೈಜು ನಮ್ಮಲ್ಲಿ ಬರಲ್ಲ, ಎಳೀಬೇಡಿ’ ಎಂದು ಕೂಗಿ ಹೇಳಿದಳು. ಯಾರೋ ಕಿಸಕ್ಕೆಂದರು. ಗುಬ್ಬಿ ಒಳಗೆ ಬಂದಳು. ನಗಲಿಲ್ಲ. ನಕ್ಕಿದ್ದರೆ ಇಬ್ಬರೂ ಬಿದ್ದು ಬಿದ್ದು ನಗಬಹುದಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಪುಟ್ಟ ಮಗುವಿಗೆ ಅಂಗಿ ಬಿಚ್ಚುವ ಹಾಗೆ ಮೆಲ್ಲಗೆ ಬಿಡಿಸಿ, ಹೊರಗೆ ಹೋಗಿ ‘ಅಮ್ಮಂಗೆ ಬಣ್ಣ ಇಷ್ಟ ಆಗ್ಲಿಲ್ಲ’ ಎಂದಳು. ಮಗಳು ತನ್ನ ಮಾನ ಕಾಯಲು ಸುಳ್ಳು ಹೇಳಿದಳಲ್ಲ ಎಂಬುದು ಆ ಕಿಸಕ್ಕಿಗಿಂತ ಹೆಚ್ಚು ಸುಟ್ಟಿತು. ತಾಯಿ ಹರಿದ ಭಾಗವನ್ನು ಒಳಕ್ಕೆ ಮಡಿಚಿ, ಬಟ್ಟೆಯನ್ನು ಇದ್ದಲ್ಲೇ ತೂಗುಹಾಕಿ, ಕಳ್ಳಿಯ ಹಾಗೆ ಹೊರಬಿದ್ದಳು. ಏನೂ ಕೊಳ್ಳದೆ ಇಬ್ಬರೂ ಮನೆಗೆ ಬಂದರು. ದಾರಿಯುದ್ದಕ್ಕೂ ಗುಬ್ಬಿ ತಾಯಿಗೆ ನೆರಳು ಸಿಗುವಂತೆ ಬಿಸಿಲಿನ ಕಡೆಗೇ ನಡೆದಳು. ಮಾರನೆಯ ದಿನ ಅವಳು ಗಂಡನ ಷರ್ಟು ಹಾಕಿಕೊಂಡು ಭಟ್ಟಿಯ ಮುಂದೆ ಬಂದಾಗ ಗುಬ್ಬಿ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು ಎಂಬುದು ಆ ನೋಟದಲ್ಲೇ ಇತ್ತು.

ಕೆಂಡ ಮೂಲೆಗೆ ಸೇರಿತು. ಒದ್ದೆ ಗೋಣಿ ಕಟ್ಟಿದ ಕೋಲಿನಿಂದ ಭಟ್ಟಿಯ ನೆಲ ಒರೆಸಿದಾಗ ಆವಿ ಬುಸ್ಸೆಂದು ಮುಖಕ್ಕೆ ಬಂತು. ಇನ್ನು ಕಾಯುವ ಕೆಲಸ. ಈ ಭಟ್ಟಿಗೆ ಶಾಖ ತೋರಿಸುವ ಯಾವ ಮುಳ್ಳೂ ಇಲ್ಲ. ಅಪ್ಪ ಹಾಕಿಸಲಿಲ್ಲ, ಅವಳಿಗೂ ಬೇಕೆನಿಸಿರಲಿಲ್ಲ. ಅಪ್ಪ ತೋಳಿಲ್ಲದ ಬನಿಯನ್ನಿನಲ್ಲಿ ಭಟ್ಟಿಗೆ ಪಕ್ಕವಾಗಿ ನಿಂತು, ತೋಳು ಎತ್ತಿ, ಮೊಣಕೈಗಿಂತ ಮೇಲಿನ ಒಳಭಾಗವನ್ನು ಅದರ ಬಾಯಿಗೆ ಒಡ್ಡುತ್ತಿದ್ದರು. ಅಲ್ಲಿ ಚರ್ಮ ಬೆಳ್ಳಗೆ, ಮೆತ್ತಗೆ, ಹಸುಗೂಸಿನದರಂತೆ ಇತ್ತು. ‘ಅಂಗೈನ ಕೇಳ್ಬೇಡ ಮಗಳೇ, ಅದು ಬೆಂದು ಬೆಂದು ಸತ್ತೋಗಿದೆ. ಮುಂಗೈಯೂ ಅಷ್ಟೇ. ಇದನ್ನ ಕೇಳು’ ಎಂದು ಅವಳ ತೋಳನ್ನು ಮೊದಲ ಸಲ ಹಿಡಿದು ಒಡ್ಡಿಸಿದಾಗ ಅವಳು ಇನ್ನೂ ಜಡೆಗೆ ರಿಬ್ಬನ್ ಕಟ್ಟುವವಳು. ತಕ್ಷಣ ಚುರುಕ್ ಎಂದರೆ ಭಟ್ಟಿ ಇನ್ನೂ ಸಿಟ್ಟಿನಲ್ಲಿದೆ, ಮುಟ್ಟಬೇಡ. ಉಸಿರು ಒಳಗೆಳೆದು ಬಿಡುವಷ್ಟು ಹೊತ್ತು ಶಾಖ ಸುಮ್ಮನೆ ಒರಗಿಕೊಂಡಂತಿದ್ದು, ಆಮೇಲೆ ಕಚ್ಚತೊಡಗಿದರೆ, ಅದು ಬನ್ನಿನ ಹದ. ಅಪ್ಪನ ಇಬ್ಬರೂ ಗಂಡುಮಕ್ಕಳ ಸಣಕಲು ತೋಳಿಗೆ ಅದು ತಿಳಿಯಲಿಲ್ಲ. ಅಣ್ಣ ಬೇರೆ ಕೆಲಸ ಹಿಡಿದ. ತಮ್ಮ ಗಲ್ಲಾ ಹಿಡಿದ. ಭಟ್ಟಿ ಅವಳದಾಯಿತು. ಅಪ್ಪ ಹೋದ ಮೇಲೆ ಒಂದು ದಿನವೂ ಸೀದ ಬನ್ನು ಈ ಅಂಗಡಿಯಿಂದ ಹೊರಹೋಗಿರಲಿಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಅದನ್ನು ಹೇಳಿಕೊಂಡು ತಿರುಗಿದವಳೂ ಅಲ್ಲ.

ಷರ್ಟು ಹಾಕಿದ ಮೇಲಿನ ದಿನಗಳನ್ನು ಅವಳು ಅಂದಾಜಿನ ಮೇಲೆ ತಳ್ಳಿದ್ದಳು. ಅದೇ ಸೌದೆ, ಅಷ್ಟೇ ಹೊತ್ತು, ಮುಂಗೈ ಒಡ್ಡಿ ನೋಡಿದರೆ ಸಾಲದೇ? ಸಾಕಾಗಿತ್ತು ಕೂಡ. ಇಂದು ಬೆಳಿಗ್ಗೆ ಬಂದ ಸೌದೆ ಬೇಸಿಗೆಗೆ ಒಣಗಿ ಎಲುಬಿನ ಹಾಗೆ ಟಣಟಣ ಎನ್ನುತ್ತಿತ್ತು. ಕೇಳಿಸಿಕೊಂಡಳು, ಮನಸ್ಸಿಗೆ ತಂದುಕೊಳ್ಳಲಿಲ್ಲ. ಸಂಜೆಯ ಆಟೋಟಕ್ಕೆ ಕಾಲೇಜಿಗೆ ಕೊಡಬೇಕಾದ ಬನ್ನುಗಳ ಮೊದಲ ಸರತಿ ಉಬ್ಬಿ ಸಿದ್ಧವಾಗಿತ್ತು. ಮುಂಗೈ ಒಡ್ಡಿದಳು. ಹಳೆಯ ಸುಟ್ಟ ಕಲೆಗಳೇ ತುಂಬಿದ ಆ ಚರ್ಮ ಆಗಬಹುದು ಎಂದಿತು. ಟ್ರೇಗಳನ್ನು ಒಳಗೆ ನೂಕಿದಳು. ಬಟ್ಟೆ ಅಂಗಡಿಯ ಹುಡುಗಿಗೆ ಏನು ಹೇಳಬಹುದಿತ್ತು, ಆ ಕಿಸಕ್ಕೆಂದವರು ಗಂಡಸೋ ಹೆಂಗಸೋ ಎಂದು ಅವಳ ಮನಸ್ಸು ಮತ್ತೆ ಪರದೆಯ ಹಿಂದೆ ಹೋಗಿ ನಿಂತಿರುವಾಗ, ಮೂಗಿಗೆ ಏನೋ ತಾಕಿತು. ಭಟ್ಟಿಯ ಬಾಯಿಯ ತಗಡು ಸರಿಸಿ ಎಳೆಯುವಷ್ಟರಲ್ಲಿ ತಡವಾಗಿತ್ತು. ಮೇಲೆ ಕಂದು ಮೀರಿ ಕಪ್ಪು. ಒಂದನ್ನು ಮುರಿದರೆ ಒಳಗೆ ಹಸಿಹಿಟ್ಟು.

ತಮ್ಮ ಬಂದು ನೋಡಿದ. ಬೈಯಬಹುದಿತ್ತು; ಅವನ ಬಾಯಿ ಸಣ್ಣದಲ್ಲ. ಅದರ ಬದಲು ಟ್ರೇಗಳನ್ನು ತಾನೇ ಹಿತ್ತಲಿಗೆ ಒಯ್ದು, ಮುಂದೆ ನಿಂತ ಗಿರಾಕಿಗೆ ಕೇಳಿಸುವಂತೆ, ‘ಈ ಬಿಸಿಲಿಗೆ ಎಲ್ಲಾ ಕಡೆ ಹೀಗೇ ಆಗ್ತಿದೆಯಂತೆ ಸ್ವಾಮಿ’ ಎಂದ. ಆಮೇಲೆ ಒಳಗೆ ಬಂದು ದನಿ ತಗ್ಗಿಸಿದ. ‘ಒಂದು ಮೀಟರ್ ಹಾಕಿಸಿಬಿಡೋಣ ಅಕ್ಕ. ನಿಂಗೂ ವಯಸ್ಸಾಯ್ತು, ಎಷ್ಟು ಅಂತ ಮೈ ಸುಟ್ಕೋತೀಯ?’ ಅದು ಪ್ರೀತಿಯ ಮಾತೇ. ಆದರೂ ವಾರದಲ್ಲಿ ಇದು ಎರಡನೆಯ ಸಲ. ತನ್ನ ಪರವಾಗಿ ಮನೆಯವರೊಬ್ಬರು ಸುಳ್ಳು ಹೇಳಿ ತನ್ನನ್ನು ಪರದೆಯ ಹಿಂದಿನಿಂದ ಬಿಡಿಸುತ್ತಿದ್ದಾರೆ. ‘ಇನ್ನೊಂದು ಸರತಿ ಹಿಟ್ಟಿದೆ’ ಎಂದಳು. ‘ಆ ಬನ್ನಿಗಿಂತ ನಿನ್ನ ಮುಖವೇ ಕಪ್ಪಾಗಿದೆ, ನೀರಾದ್ರೂ ಕುಡಿ’ ಎಂದು ಹೇಳಿ ಅವನು ಹೋದ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಅಷ್ಟರಲ್ಲಿ ಗುಬ್ಬಿಯೇ ಬಂದಳು, ಬನ್ನುಗಳನ್ನು ಒಯ್ಯಲು, ಜೊತೆಗೆ ಕನ್ನಡಕದ ಗೆಳತಿಯೊಬ್ಬಳು. ಅಂಗಡಿಗೂ ಭಟ್ಟಿಮನೆಗೂ ನಡುವೆ ಇರುವುದು ಒಂದು ಬಾಗಿಲು, ಅದಕ್ಕೊಂದು ಎಳೆದು ಮುಚ್ಚುವ ಪರದೆ, ಅಷ್ಟೇ; ಮುಂದೆ ನಿಂತವರಿಗೆ ಒಳಗಿನದೆಲ್ಲ ಕಾಣುತ್ತದೆ. ಗುಬ್ಬಿ ಗಾಳಿಯಾಡದ ಆ ಜಾಗದಲ್ಲಿ ಉದ್ದ ತೋಳಿನ ದಪ್ಪ ಅಂಗಿ ಹಾಕಿ, ಕುತ್ತಿಗೆಯ ಗುಂಡಿಯವರೆಗೂ ಬಿಗಿದುಕೊಂಡು ನಿಂತಿದ್ದಳು. ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ‘ಇನ್ನೂ ಆಗಿಲ್ವಾ ಅಮ್ಮ? ಸರ್ ಬೈತಾರೆ.’ ಸೀದುಹೋಯಿತು ಎಂದು ಅವಳು ಹೇಳಿದಾಗ ಗುಬ್ಬಿ ನಂಬದೆ ಮಾವನ ಕಡೆ ನೋಡಿದಳು. ಮಾವ ಸುಮ್ಮನೆ ಸಕ್ಕರೆ ಡಬ್ಬಿ ಒರೆಸಿದ. ಕನ್ನಡಕದ ಹುಡುಗಿಗೆ ಮಾತಿನ ಚಪಲ. ‘ಆಂಟಿ, ನೀವಾದ್ರೂ ಇವಳಿಗೆ ಬುದ್ಧಿ ಹೇಳಿ. ಇವಳು ಎಸೆದ್ರೆ ಉಳಿದೋರು ಯಾರೂ ಹತ್ರಾನೂ ಬರಲ್ಲ. ಸರ್ ಇವಳ ಹೆಸರು ಹೊಡೆದು ಹಾಕದೆ ಇನ್ನೂ ಕಾಯ್ತಿದಾರೆ, ಗೊತ್ತಾ?’ ಗುಬ್ಬಿ ಅವಳ ಕಾಲು ತುಳಿದಳು. ‘ಬಾಯ್ಮುಚ್ಚೇ.’ ಹುಡುಗಿ ಮುಚ್ಚಲಿಲ್ಲ. ‘ತೋಳು ಕಂಡ್ರೆ ಏನೀಗ? ನಿಮ್ಮಮ್ಮ...’ ಎನ್ನುತ್ತ ಒಳಗೆ ನೋಡಿದವಳು, ಮೊಣಕೈವರೆಗೆ ತೋಳು ಮುಚ್ಚಿದ ಗಂಡಸಿನ ಷರ್ಟು ಕಂಡು ತಡವರಿಸಿದಳು. ಗುಬ್ಬಿ ಮೆಲ್ಲಗೆ, ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದಳು: ‘ಅಮ್ಮನೇ ಮುಚ್ಕೊಂಡಿದಾರೆ. ನಂಗೆ ಹೇಳ್ತೀಯಲ್ಲ ನೀನು.’

ತಾಯಿಯ ಕೈಯಲ್ಲಿದ್ದ ಒದ್ದೆ ಗೋಣಿಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದು ಬೈಗುಳವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತು. ಇಡೀ ಬೇಸಿಗೆ ಇವಳಿಗೆ ಏನೇನೋ ಉಪದೇಶ ಮಾಡಿದೆನಲ್ಲ, ಒಂದು ಹೊಲಿಗೆ ಬಿಟ್ಟದ್ದಕ್ಕೆ ಎಲ್ಲವನ್ನೂ ಈ ಷರ್ಟಿನೊಳಗೆ ಸುತ್ತಿಟ್ಟೆ. ನನ್ನ ಮಗಳು ನನ್ನ ಬಾಯಿ ನೋಡಲಿಲ್ಲ, ನನ್ನ ತೋಳು ನೋಡಿದಳು. ನೋಡುತ್ತಲೇ ಬೆಳೆದವಳು, ಈ ತೋಳನ್ನೇ ತೊಟ್ಟಿಲು ಮಾಡಿಕೊಂಡು ಇದೇ ಭಟ್ಟಿಮನೆಯಲ್ಲಿ ನಿದ್ದೆ ಮಾಡಿದವಳು. ಅಪ್ಪನ ತೋಳು ಇದು. ಅವರು ಕೊನೆಗೆ ಹಾಸಿಗೆ ಹಿಡಿದಾಗ, ಎತ್ತಿ ಕೂರಿಸಿ, ಎತ್ತಿ ಮಲಗಿಸಿದ್ದು ಇದೇ. ಗಂಡುಮಕ್ಕಳಿಬ್ಬರೂ ಸೇರಿ ಎತ್ತಲಾಗದ್ದನ್ನು ಒಬ್ಬಳೇ ಎತ್ತಿದ್ದಳು. ಆಗ ಅವರು ಅವಳ ಕಿವಿಯ ಹತ್ತಿರ ‘ಪೈಲ್ವಾನ್’ ಎಂದು ನಕ್ಕಿದ್ದರು. ಇದಕ್ಕೆ ಸಾಲದೆ ಹೋದದ್ದು ಆ ಗಿಳಿಹಸಿರು ಬಟ್ಟೆ. ಇಷ್ಟು ದಿನ ತಾನೇ ಸಾಲದವಳೆಂದು ಅಳೆದುಕೊಂಡಿದ್ದಳಲ್ಲ, ಎಂಥ ಪೆದ್ದುತನ. ಅವಳಿಗೆ ತನ್ನ ಮೇಲೆಯೇ ಕೋಪ ಬಂತು. ಆ ಕೋಪದಲ್ಲಿ ಬಹಳ ದಿನದ ಮೇಲೆ ಕಾಣಿಸಿಕೊಂಡ ಸ್ವಂತ ಗತ್ತು ಇತ್ತು.

ಪರಾತದಲ್ಲಿ ಎರಡನೆಯ ಸರತಿಯ ಹಿಟ್ಟು ಬಟ್ಟೆಯನ್ನು ಮೇಲಕ್ಕೆತ್ತಿ ಉಬ್ಬಿತ್ತು. ಬೇಗ ಬೇಗ ಉಂಡೆ ಕಟ್ಟಿ ಟ್ರೇಗಳಲ್ಲಿ ಸಾಲಾಗಿ ಕೂರಿಸಿದಳು. ಆ ಸೆಕೆಗೆ ಅವು ನೋಡನೋಡುತ್ತಲೇ ಏರಿದವು. ಹೆಚ್ಚು ಹೊತ್ತು ಬಿಟ್ಟರೆ ಕುಸಿದು ಹುಳಿಯಾಗುತ್ತವೆ, ಬೇಗ ನೂಕಿದರೆ ಮೊದಲಿನ ಗತಿ. ಇನ್ನೊಂದು ಸರತಿ ಕಲಸುವಷ್ಟು ಹೊತ್ತು ಯಾರ ಹತ್ತಿರವೂ ಇಲ್ಲ. ಅವಳು ಕೈ ಒರೆಸಿಕೊಂಡು ಷರ್ಟಿನ ಮೊದಲ ಗುಂಡಿಗೆ ಬೆರಳು ಹಾಕಿದಳು. ಅದನ್ನು ಕಂಡ ಗುಬ್ಬಿ ಥಟ್ಟನೆ ಬಾಗಿಲ ಪರದೆ ಹಿಡಿದು ಎಳೆಯಲು ಹೋದಳು, ಗೆಳತಿ ಹೊರಗೆ, ಅಮ್ಮ ಒಳಗೆ ಆಗುವಂತೆ.

‘ಬಿಡೇ ಅದನ್ನ’ ಎಂದಳು ಅವಳು. ‘ಗಾಳಿ ಬರ್ಲಿ.’

ಷರ್ಟು ಬೆವರಿಗೆ ಮೈಗಂಟಿಕೊಂಡಿತ್ತು. ಸಿಪ್ಪೆಯ ಹಾಗೆ ಸುಲಿದು ಮೂಟೆಯ ಮೇಲೆ ಎಸೆದಳು. ಒಳಗೆ ಮೊದಲಿನಿಂದಲೂ ಹಾಕುತ್ತಿದ್ದ ತೋಳಿಲ್ಲದ ಹತ್ತಿಯ ಅಂಗಿ. ತೋಳುಗಳು ಹೊರಬಂದವು: ದಪ್ಪಗೆ, ಅಗಲಕ್ಕೆ, ಎತ್ತಿದರೆ ಕೆಳಗೆ ಜೋತು ಅಲುಗಾಡುವ ಮಾಂಸದ ಸಮೇತ. ಕನ್ನಡಕದ ಹುಡುಗಿಯ ಕಣ್ಣು, ಮುಂದೆ ರಸ್ಕ್ ಕಟ್ಟಿಸಿಕೊಳ್ಳುತ್ತಿದ್ದ ಗಿರಾಕಿಯ ಕಣ್ಣು, ತಮ್ಮನ ಕಣ್ಣು ತನ್ನ ಮೇಲಿವೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆ ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇತ್ತು. ಅದಕ್ಕೆ ಕೆಲಸವಿರಲಿಲ್ಲ, ಅವಳಿಗಿತ್ತು. ಭಟ್ಟಿಗೆ ಪಕ್ಕವಾಗಿ ನಿಂತು, ತೋಳೆತ್ತಿ, ಒಳಭಾಗವನ್ನು ಅದರ ಬಾಯಿಗೆ ಒಡ್ಡಿದಳು. ಚುರುಕ್ ಎಂದಿತು. ಆ ಚುರುಕಿಗೆ ಅವಳ ಎದೆ ತುಂಬಿಬಂತು, ಊರಿಗೆ ಹೋಗಿದ್ದವರು ತಿರುಗಿ ಬಂದು ಬಾಗಿಲು ತಟ್ಟಿದಂತೆ. ‘ಇನ್ನೂ ಇಲ್ಲ’ ಎಂದು ಗಟ್ಟಿಯಾಗಿ ಹೇಳಿದಳು. ಗಿರಾಕಿ ಪೊಟ್ಟಣ ಹಿಡಿದು ನಿಂತುಬಿಟ್ಟ.

‘ನಿಮ್ಮಮ್ಮ ಏನ್ಮಾಡ್ತಿದಾರೆ?’ ಎಂದು ಕನ್ನಡಕದ ಹುಡುಗಿ ಪಿಸುಗುಟ್ಟಿದ್ದು ಕೇಳಿಸಿತು.

‘ಭಟ್ಟಿ ನೋಡ್ತಿದಾರೆ’ ಎಂದಳು ಗುಬ್ಬಿ. ದನಿಯಲ್ಲಿ ಮುಜುಗರವಿರಲಿಲ್ಲ, ತಾನೇ ಈ ಅಂಗಡಿಯ ಯಜಮಾನಿ ಎಂಬ ಗತ್ತಿತ್ತು. ‘ಈಗ ಮಾತಾಡಿಸ್ಬಾರ್ದು. ಇದು ಬೇರೆ ಯಾರಿಗೂ ಬರಲ್ಲ, ನಮ್ಮ ಮಾವಂಗೂ ಬರಲ್ಲ.’

‘ಅದನ್ನ ಊರಿಗೆಲ್ಲ ಸಾರು’ ಎಂದ ತಮ್ಮ.

ಅವಳು ತಿರುಗದೆಯೇ ಮಗಳನ್ನು ಕರೆದಳು. ಗುಬ್ಬಿ ಬಂದು ಪಕ್ಕದಲ್ಲಿ ನಿಂತಳು. ತೋಳು ಕೊಡು ಎಂದಳು ಅವಳು, ಅಪ್ಪ ಅಂದ ಹಾಗೆಯೇ, ಕೇಳುವ ದನಿಯಲ್ಲಲ್ಲ. ಗುಬ್ಬಿ ಅಂಗಿಯ ತೋಳನ್ನು ಮೇಲಕ್ಕೆ ಮಡಿಚಿದಳು. ಅದು ಮೊಣಕೈಗೆ ಬಂದು ನಿಂತಿತು. ಎಷ್ಟು ನೂಕಿದರೂ ಏರಲಿಲ್ಲ. ತಾಯಿ ಮಗಳು ಇಬ್ಬರೂ ಆ ಬಿಗಿದ ಬಟ್ಟೆಯನ್ನು ನೋಡಿದರು. ಬಟ್ಟೆ ಅಂಗಡಿಯಲ್ಲಿ ಬರದಿದ್ದ ನಗು ಮೊದಲು ಯಾರಿಗೆ ಬಂತೋ, ಇಬ್ಬರ ಹೊಟ್ಟೆಯೂ ಕುಲುಕತೊಡಗಿತು. ನಗುತ್ತಲೇ ಗುಬ್ಬಿ ಕುತ್ತಿಗೆಯ ಗುಂಡಿಯಿಂದ ಶುರುಮಾಡಿ ಒಂದೊಂದೇ ಗುಂಡಿ ಬಿಚ್ಚಿದಳು. ಕೊನೆಯದಕ್ಕೆ ಬರುವಾಗ ನಗು ನಿಂತಿತ್ತು. ಅಂಗಿ ಕಳಚಿದಾಗ ಒಳಗೆ ಕಂಡದ್ದು ಕಾಲೇಜಿನ ಬನಿಯನ್ನು, ತೋಳಿಲ್ಲದ್ದು, ಬೆನ್ನಿಗೆ ದೊಡ್ಡ ನಂಬರು ಹೊಲಿದದ್ದು. ಬೆಳಿಗ್ಗೆಯಿಂದ ಅದನ್ನು ಹಾಕಿಕೊಂಡೇ, ಮೇಲೆ ಇದನ್ನು ಬಿಗಿದುಕೊಂಡು, ಹೌದು ಅಲ್ಲ ಎಂದು ಒಳಗೊಳಗೇ ಬೇಯುತ್ತ ತಿರುಗಿದ್ದಾಳೆ ಹುಡುಗಿ.

ತಾಯಿ ಸರಿದು ಜಾಗ ಕೊಟ್ಟಳು. ಗುಬ್ಬಿ ತೋಳೆತ್ತಿ ಒಡ್ಡಿದಳು. ಎರಡು ತೋಳು ಪಕ್ಕಪಕ್ಕ, ಒಂದೇ ಅಚ್ಚಿನವು, ಒಂದರ ಮೇಲೆ ಕಲೆಗಳು, ಇನ್ನೊಂದು ಇನ್ನೂ ನುಣ್ಣಗೆ. ಎಂಥ ಚೆಂದದ ತೋಳು ಇವು, ಎನಿಸಿತು ಅವಳಿಗೆ, ಮೊದಲ ಸಲ ನೋಡುವವಳ ಹಾಗೆ. ‘ಚುರುಕ್ ಅಂತಿದೆ’ ಎಂದು ಗುಬ್ಬಿ ತೋಳು ಹಿಂದೆಗೆದಳು. ಇನ್ನೊಮ್ಮೆ ಗೋಣಿಯಿಂದ ಒರೆಸಿದರು. ಕಾದರು. ಟ್ರೇಗಳಲ್ಲಿ ಬನ್ನುಗಳು ಅಂಚಿನವರೆಗೆ ಏರಿ, ಇನ್ನು ತಡೆಯಲಾರೆವು ಎನ್ನುವಂತಿದ್ದವು. ಮತ್ತೆ ಇಬ್ಬರೂ ಒಡ್ಡಿದರು. ಈ ಸಲ ಶಾಖ ಬಂದು ಚರ್ಮಕ್ಕೆ ಸುಮ್ಮನೆ ಒರಗಿಕೊಂಡಿತು. ಒಂದು ಉಸಿರು ಒಳಗೆ, ಹೊರಗೆ. ಆಮೇಲೆ ಮೆಲ್ಲಗೆ ಕಚ್ಚತೊಡಗಿತು. ಹದ ತಾಯಿಗೆ ತಿಳಿಯಿತು. ಇಷ್ಟು ವರ್ಷಗಳಲ್ಲಿ ಈ ಭಟ್ಟಿಯ ಮಾತನ್ನು ಬೇರೆಯವರು ಮೊದಲು ಆಡಲು ಅವಳು ಬಿಟ್ಟಿರಲಿಲ್ಲ. ಈಗ ತುಟಿ ಕಚ್ಚಿಕೊಂಡು ತಡೆದಳು.

‘ಈಗ’ ಎಂದಳು ಗುಬ್ಬಿ. ‘ಅಮ್ಮ, ಈಗ!’

‘ನೂಕು ಹಾಗಾದ್ರೆ.’

ಗುಬ್ಬಿ ಉದ್ದ ಹಿಡಿಯ ಹಲಗೆ ಎತ್ತಿಕೊಂಡಳು. ಮೊದಲ ಟ್ರೇ, ಎರಡನೆಯದು. ಭುಜ ತಿರುಗಿ, ತೋಳು ಚಾಚಿ, ಒಂದೂ ಅಲುಗದಂತೆ ಒಳಕ್ಕೆ ಹೋದವು. ಮುಂದೆ ನಿಂತ ಕನ್ನಡಕದ ಹುಡುಗಿ ಬಾಯಿ ತೆರೆದುಕೊಂಡೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು: ‘ಲೇ, ಸರ್‌ಗೆ ಏನು ಹೇಳ್ಲಿ?’

ಗುಬ್ಬಿ ಮೂರನೆಯ ಟ್ರೇಯನ್ನು ಹಲಗೆಗೆ ಎಳೆದುಕೊಳ್ಳುತ್ತಿದ್ದಳು. ಬೆವರು ಒರೆಸಿಕೊಳ್ಳಲು ತೋಳನ್ನೇ ಎತ್ತಿ ಹಣೆಗೆ ಉಜ್ಜಿದಳು, ಎಲ್ಲರ ಮುಂದೆ, ಯೋಚಿಸದೆ. ತಿರುಗಿ ನೋಡಲಿಲ್ಲ.

‘ಬರ್ತೀನಿ ಅಂತ ಹೇಳು. ಬನ್ನು ಬೆಂದ್ಮೇಲೆ.’